ಪರದೇಶದಲ್ಲಿ ತೆರೆದ ಬಾಗಿಲು
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಧರ್ಮವಿಚಾರಗಳನ್ನು ಕುರಿತು ನನಗಿಂತ ಬಲ್ಲವರು ಈ ವೇದಿಕೆಯಿಂದ ಈಗಾಗಲೇ ಮಾತನಾಡಿರುತ್ತಾರೆ. ನನಗಾದ ಅಪ್ಪಣೆಯೇ ಬೇರೆ. ನಮ್ಮ ಮಕ್ಕಳು ತೋಟ ತುಡಿಕೆಗಳನ್ನು ಬಿಟ್ಟು ಪರದೇಶಗಳಿಗೆ ಹೋಗುತ್ತಿರುವ ಈ ಕಾಲದಲ್ಲಿ, ಹಾಗೆ ಹೋದವರೊಳಗೆ ಪರರ ಹಕ್ಕಿಗಾಗಿ ದುಡಿದು ಕಡೆಗೆ ಆ ದೇಶದ ಶಾಸನಸಭೆಯನ್ನೇ ಸೇರಿದವರ ಜೀವಿತವನ್ನು ತಿಳಿಸಬೇಕೆಂದು ಶ್ರೀಗಳವರು ಆಜ್ಞಾಪಿಸಿದರು. ತಿಳಿದಷ್ಟನ್ನು ತಮ್ಮೆಲ್ಲರ ಸಮ್ಮುಖದಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ನೆರೆಯಿಂದಲೇ ಆರಂಭಿಸೋಣ. ಚಿಕ್ಕನಾಯಕನಹಳ್ಳಿಯ ಎಲ್ಲೆ ದಾಟಿದರೆ ಶಿರಾ ತಾಲ್ಲೂಕು. ಆ ತಾಲ್ಲೂಕಿನ ದ್ವಾರಾಳು ಗ್ರಾಮದ ಚಂದ್ರ ಆರ್ಯ ಎಂಬುವರು ೨೦೦೬ರಲ್ಲಿ ಕೆನಡಾ ದೇಶಕ್ಕೆ ಹೋಗಿ ನೆಲೆಸಿದರು. ೨೦೧೫ರಲ್ಲಿ ಅಲ್ಲಿಯ ರಾಜಧಾನಿಯಾದ ಒಟ್ಟಾವಾದ ನೇಪಿಯನ್ ಎಂಬ ಕ್ಷೇತ್ರದಿಂದ ಕೆಳಮನೆಗೆ ಆರಿಸಿ ಬಂದು, ೨೦೧೯ ಮತ್ತು ೨೦೨೧ರ ಚುನಾವಣೆಗಳಲ್ಲಿಯೂ ಗೆದ್ದು, ೨೦೨೫ರವರೆಗೆ ಸದಸ್ಯರಾಗಿದ್ದರು. ೨೦೨೨ರ ಮೇ ತಿಂಗಳಿನಲ್ಲಿ ಅವರು ಆ ಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತನಾಡಿದರು. ಆ ಸುದ್ದಿಯನ್ನು ಕೇಳಿ ನಮ್ಮ ಜಿಲ್ಲೆಯಲ್ಲಿ ಹಿಗ್ಗದವರಿಲ್ಲ. ನಾನೂ ಹಿಗ್ಗಿದೆನು. ಆದರೆ ಹಿಗ್ಗು ಇಳಿದ ಮೇಲೆ ಒಂದು ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ದ್ವಾರಾಳಿನ ಒಬ್ಬ ಮನುಷ್ಯನು ಒಟ್ಟಾವಾದ ಸಭೆಯಲ್ಲಿ ತನ್ನ ತಾಯಿನುಡಿಯನ್ನು ಆಡಬೇಕಾದರೆ ಆ ಸಭೆಯ ದ್ವಾರವು ಅವನಿಗೆ ತೆರೆದಿರಬೇಕಷ್ಟೆ. ಅದನ್ನು ತೆರೆದವರು ಯಾರು?

ಏಕೆಂದರೆ ಅದು ಎಂದಿನಿಂದಲೂ ತೆರೆದಿದ್ದ ಬಾಗಿಲಲ್ಲ. ೧೯೧೪ನೆಯ ಇಸವಿ ಮೇ ೨೩ರಂದು ಕೋಮಗಾಟ ಮಾರು ಎಂಬ ಹಡಗು ೩೭೬ ಮಂದಿ ಪ್ರಯಾಣಿಕರನ್ನು ಹೊತ್ತು ಕೆನಡಾದ ವ್ಯಾಂಕೂವರ್ ಬಂದರನ್ನು ಮುಟ್ಟಿತು. ಅವರು ಹೆಚ್ಚಾಗಿ ಪಂಜಾಬಿನ ಬೇಸಾಯಗಾರರು. ತಾವೂ ಅದೇ ಬ್ರಿಟಿಷ್ ಚಕ್ರಾಧಿಪತ್ಯದ ಪ್ರಜೆಗಳಾದ್ದರಿಂದ ಅದರ ಯಾವ ಭಾಗದಲ್ಲಾದರೂ ವಾಸಿಸಬಹುದೆಂದು ನಂಬಿ ಬಂದವರು. ಎರಡು ತಿಂಗಳು ಅವರು ದಡವನ್ನು ಕಣ್ಣಿನಿಂದ ನೋಡುತ್ತ ನೀರಿನ ಮೇಲೆಯೇ ಇದ್ದರು. ಕೆಲವರಿಗೆ ಮಾತ್ರ ಇಳಿಯಲು ಅಪ್ಪಣೆಯಾಯಿತು. ಮಿಕ್ಕವರನ್ನು ಜುಲೈ ೨೩ರಂದು ಹಿಂದಕ್ಕೆ ಅಟ್ಟಲಾಯಿತು. ವ್ಯಾಂಕೂವರ್ ಸೇರಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ನಮ್ಮ ದೇಶದವರಿಗೆ ಮತ ಕೊಡುವ ಅಧಿಕಾರ ಬಂದದ್ದು ೧೯೪೭ರಲ್ಲಿ. ಹಡಗನ್ನು ಹಿಂದಟ್ಟಿದ ತಪ್ಪಿಗಾಗಿ ೨೦೧೬ರ ಮೇ ೧೮ರಂದು ಆ ದೇಶದ ಪ್ರಧಾನಮಂತ್ರಿಗಳು ಕೆಳಮನೆಯಲ್ಲಿಯೇ ಕ್ಷಮೆಯನ್ನು ಕೇಳಿದರು. ಆಗ ನಮ್ಮ ಜಿಲ್ಲೆಯವರು ಆ ಮನೆಯ ಸದಸ್ಯರಾಗಿದ್ದರು.

ಕೆನಡಾದ ನೆರೆಯಾದ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿಯೂ ಸ್ಥಿತಿಯು ಇದಕ್ಕಿಂತ ಉತ್ತಮವಾಗಿರಲಿಲ್ಲ. ಅಲ್ಲಿ ಮುಚ್ಚಿದ್ದ ಬಾಗಿಲನ್ನು ತೆರೆಯಿಸುವುದಕ್ಕಾಗಿ ದುಡಿದು, ಅದು ತೆರೆದ ಮೇಲೆ ತಾವೇ ಅದರೊಳಗೆ ನಡೆದುಹೋದವರು ದಲೀಪ್ ಸಿಂಗ್ ಸೌಂದ್ ಎಂಬುವರು. ಈ ದಿನದ ನನ್ನ ಮಾತು ಮುಖ್ಯವಾಗಿ ಅವರನ್ನು ಕುರಿತದ್ದು.

ಸೌಂದ್ ಅವರು ೧೮೯೯ನೆಯ ಸೆಪ್ಟೆಂಬರ್ ೨೦ರಂದು ಪಂಜಾಬಿನ ಅಮೃತಸರ ಜಿಲ್ಲೆಯ ಛಜ್ಜಲವಡ್ಡಿ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆತಾಯಿಗಳಿಗೆ ಓದು ಬರಹ ಬಾರದು. ಆದರೆ ಗುತ್ತಿಗೆಯ ಕೆಲಸದಿಂದ ಮನೆತನವು ಅನುಕೂಲ ಸ್ಥಿತಿಗೆ ಬಂದಿದ್ದಿತು. ಹುಡುಗನು ಗಣಿತಶಾಸ್ತ್ರವನ್ನು ಮುಖ್ಯವಾಗಿ ಓದಿ ೧೯೧೯ರಲ್ಲಿ ಪಂಜಾಬ್ ವಿಶ್ವವಿದ್ಯಾನಿಲಯದಿಂದ ಬಿ. ಎ. ಪದವಿಯನ್ನು ಪಡೆದನು. ಹಣ್ಣು ಹಂಪಲುಗಳನ್ನು ಕೆಡದಂತೆ ಡಬ್ಬಿಗಳಲ್ಲಿ ತುಂಬಿಡುವ ವಿದ್ಯೆಯನ್ನು ಅಮೆರಿಕಾದಲ್ಲಿ ಕಲಿತು, ಹಿಂದಿರುಗಿ, ಊರಿನಲ್ಲಿ ಅಂಥದೊಂದು ಕಾರ್ಖಾನೆಯನ್ನು ತೆರೆಯಬೇಕೆಂಬುದು ಅವನ ಸಂಕಲ್ಪ. ಬೆಳೆದದ್ದಕ್ಕೆ ಬೆಲೆ ಬರಬೇಕಾದರೆ ಅದನ್ನು ಕಾಪಾಡಿಡುವ ಉಪಾಯ ಬೇಕೆಂಬುದನ್ನು, ಕಾಯಿಯನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಕಾದಿರಿಸಿ ಕೊಬ್ಬರಿ ಮಾಡುವ ನಮ್ಮ ಸೀಮೆಯವರಿಗೆ ನಾನು ಬಿಡಿಸಿ ಹೇಳಬೇಕಾದ್ದಿಲ್ಲ.

೧೯೨೦ರಲ್ಲಿ ಅವರು ಅಮೆರಿಕಾವನ್ನು ಸೇರಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾನಿಲಯದಲ್ಲಿ ಓದಲಾರಂಭಿಸಿದರು. ಕೈಯಲ್ಲಿ ಹೆಚ್ಚು ಹಣವಿಲ್ಲದ ಆ ಪರದೇಶಿ ವಿದ್ಯಾರ್ಥಿಯು ವಾಸಿಸಿದ್ದು ಎಲ್ಲಿ? ಸ್ಟಾಕ್ಟನ್ ಎಂಬ ಊರಿನ ಸಿಖ್ ಗುರುದ್ವಾರದವರು ಹಿಂದೂಸ್ಥಾನದ ವಿದ್ಯಾರ್ಥಿಗಳಿಗಾಗಿ ಬರ್ಕ್‌ಲಿಯಲ್ಲಿ ನಡೆಯಿಸುತ್ತಿದ್ದ ವಸತಿಗೃಹದಲ್ಲಿ. ಆ ಗುರುದ್ವಾರವನ್ನು ಕಟ್ಟಿದವರು ಬೇರೆಯವರ ಹೊಲಗಳಲ್ಲಿ ಕೂಲಿ ಮಾಡಿದ ಜನ. ಅನ್ನ ಅಕ್ಷರಗಳ ದಾಸೋಹವೆಂದರೇನೆಂಬುದನ್ನು ಸಿದ್ಧಗಂಗೆಯ ನಾಡಿನವರಾದ ನಾವು ಬಲ್ಲೆವು. ಸಾವಿರಾರು ಬಡಮಕ್ಕಳು ಮಠಗಳ ಅನ್ನವನ್ನುಂಡು ಓದಿ ಮುಂದೆ ಬಂದದ್ದನ್ನು ಕಣ್ಣಾರೆ ಕಂಡಿದ್ದೇವೆ. ಅಮೆರಿಕಾದ ಶಾಸನಸಭೆಯನ್ನು ಸೇರಿದ ಮೊದಲನೆಯ ಭಾರತೀಯನ ವಿದ್ಯೆಯ ಬುಡದಲ್ಲಿಯೂ ಅಂಥದೊಂದು ದಾಸೋಹವಿದ್ದಿತೆಂಬುದು ಈ ಸಭೆಯಲ್ಲಿ ಸ್ಮರಿಸತಕ್ಕ ಸಂಗತಿ.

ಓದಲು ಬಂದದ್ದು ಹಣ್ಣಿನ ವಿದ್ಯೆಯನ್ನಾದರೂ ಅವರ ಮನಸ್ಸು ಗಣಿತಕ್ಕೇ ಹಿಂದಿರುಗಿತು. ರಜಾದಿನಗಳಲ್ಲಿ ಹಣ್ಣಿನ ಕಾರ್ಖಾನೆಗಳಲ್ಲಿ ದುಡಿಯುತ್ತ, ೧೯೨೨ರಲ್ಲಿ ಎಂ. ಎ. ಪದವಿಯನ್ನೂ ೧೯೨೪ರಲ್ಲಿ ಗಣಿತದಲ್ಲಿ ಡಾಕ್ಟರ್ ಪದವಿಯನ್ನೂ ಪಡೆದರು. ಆದರೆ ಆ ವೇಳೆಗೆ ಅವರ ಮುಂದಿನ ದಾರಿಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಮುಚ್ಚಿಬಿಟ್ಟಿದ್ದಿತು. ಆ ದೇಶದ ಕಾನೂನಿನ ಮೇರೆಗೆ ಪರದೇಶದಿಂದ ಬಂದವರಲ್ಲಿ ಬಿಳಿಯರೂ ಆಫ್ರಿಕಾ ಮೂಲದವರೂ ಮಾತ್ರ ಪೌರತ್ವವನ್ನು ಪಡೆಯಬಹುದಾಗಿದ್ದಿತು. ಭಗತ್ ಸಿಂಗ್ ಥಿಂದ್ ಎಂಬ ಪಂಜಾಬಿನವರು, ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕಾ ಸೈನ್ಯದಲ್ಲಿ ಸೇವೆ ಸಲ್ಲಿಸಿದವರು, ಪೌರತ್ವವನ್ನು ಬೇಡಿದರು. ೧೯೨೩ರ ಫೆಬ್ರವರಿ ೧೯ರಂದು ನ್ಯಾಯಾಲಯವು, ಸಾಮಾನ್ಯ ಜನರ ತಿಳಿವಳಿಕೆಯಂತೆ ಹಿಂದೂಸ್ಥಾನದವನು ಬಿಳಿಯನಲ್ಲ, ಆದುದರಿಂದ ಪೌರನಾಗಲಾರನು, ಎಂದು ತೀರ್ಪಿತ್ತಿತು. ಅದಾಗಲೇ ಪೌರತ್ವವನ್ನು ಪಡೆದಿದ್ದ ಹಲವರಿಂದ ಅದನ್ನು ಕಿತ್ತುಕೊಳ್ಳಲಾಯಿತು. ಪೌರತ್ವಕ್ಕೆ ಅರ್ಹರಲ್ಲದವರು ಕೃಷಿಭೂಮಿಯನ್ನು ಕೊಳ್ಳಲಾಗದೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ೧೯೧೩ರಿಂದಲೇ ಇದ್ದಿತು. ಒಂದು ಕಡೆ ಪೌರತ್ವವಿಲ್ಲ, ಇನ್ನೊಂದು ಕಡೆ ಭೂಮಿಯಿಲ್ಲ. ಮತವಂತೂ ದೂರದ ಮಾತು.

ಗಣಿತದ ಪಂಡಿತರು ೧೯೨೫ರಲ್ಲಿ ಇಂಪೀರಿಯಲ್ ಕಣಿವೆಯೆಂಬ ಪ್ರದೇಶಕ್ಕೆ ಹೋಗಿ ಹತ್ತಿ ಬಿಡಿಸುವ ಆಳುಗಳ ಮೇಸ್ತ್ರಿಯಾದರು. ಆ ಪ್ರದೇಶವು ಮೂಲತಃ ಮರುಭೂಮಿ. ಕೊಲೊರಾಡೊ ನದಿಯ ನೀರನ್ನು ಕಾಲುವೆಯಲ್ಲಿ ತಂದು ಅದನ್ನು ಹಸುರು ಮಾಡಿದ್ದರು. ಮುಂದೆ ಅವರೇ ಲೆಟ್ಯೂಸ್ ಎಂಬ ಸೊಪ್ಪಿನ ಬೇಸಾಯಕ್ಕೆ ಇಳಿದರು. ಒಂದು ಸಲ ಬೆಳೆ ಬಂದರೆ ಬೆಲೆಯಿಲ್ಲ, ಬೆಲೆಯಿದ್ದರೆ ಬೆಳೆಯಿಲ್ಲ. ಜಗತ್ತಿಗೆಲ್ಲ ಮುಗ್ಗಟ್ಟು ಬಂದ ಆ ಕಾಲದಲ್ಲಿ ಸಾಲವು ತಲೆಯ ಮೇಲೆ ಬಂದಿತು. ದಿವಾಳಿಯೆಂದು ನ್ಯಾಯಾಲಯದಲ್ಲಿ ಬರೆದುಕೊಟ್ಟು ಕೈತೊಳೆದುಕೊಳ್ಳುವ ದಾರಿಯನ್ನು ಅಲ್ಲಿನ ಕಾನೂನು ಒದಗಿಸಿದ್ದಿತು. ಸೌಂದ್ ಅವರು ಆ ದಾರಿಯನ್ನು ಹಿಡಿಯಲಿಲ್ಲ. ವರ್ಷಗಟ್ಟಲೆ ದುಡಿದು ಸಾಲವನ್ನು ತೀರಿಸಿದರು. ಕೊಬ್ಬರಿಯ ಬೆಲೆ ಬಿದ್ದ ವರ್ಷ ಸಾಲಗಾರನ ಮುಖವನ್ನು ನೋಡಲು ನಾಚುವ ನಮ್ಮ ರೈತನಿಗೆ ಈ ಮಾತಿನ ತೂಕ ತಿಳಿಯುತ್ತದೆ. ಆ ಕಣಿವೆಯ ಜನರು ಮುಂದೆ ಅವರಿಗೆ ಮತ ಕೊಟ್ಟುದಕ್ಕೆ ಈ ನಡತೆಯೂ ಒಂದು ಕಾರಣವಾಗಿದ್ದಿರಬೇಕೆಂದು ನಾನು ಭಾವಿಸುತ್ತೇನೆ.

ಹೊಲದ ಕೆಲಸ ಮುಗಿದ ಮೇಲೆ ಅವರು ಸುಮ್ಮನೆ ಕುಳಿತವರಲ್ಲ. ನಮ್ಮ ದೇಶವನ್ನು ಹೀನಾಯವಾಗಿ ಚಿತ್ರಿಸಿ ಕ್ಯಾಥರೀನ್ ಮೇಯೊ ಎಂಬಾಕೆ ೧೯೨೭ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ಉತ್ತರವಾಗಿ, ಸ್ಟಾಕ್ಟನ್ ಗುರುದ್ವಾರದವರ ಕೋರಿಕೆಯಂತೆ, ೧೯೩೦ರಲ್ಲಿ ತಾವೊಂದು ಪುಸ್ತಕವನ್ನು ಬರೆದರು. ಕರೆದವರಲ್ಲಿಗೆ ಹೋಗಿ ಭಾರತದ ಸ್ವಾತಂತ್ರ್ಯವನ್ನು ಕುರಿತು ಭಾಷಣಗಳನ್ನು ಮಾಡಿದರು. ೧೯೪೨ರಲ್ಲಿ ಇಂಡಿಯಾ ಅಸೋಸಿಯೇಷನ್ ಆಫ್ ಅಮೆರಿಕಾ ಎಂಬ ಸಂಘವನ್ನು ಕಟ್ಟಿ ಅದರ ಅಧ್ಯಕ್ಷರಾಗಿ, ಅಲ್ಲಿರುವ ಭಾರತೀಯರಿಗೆ ಪೌರತ್ವದ ಹಕ್ಕು ದೊರೆಯಬೇಕೆಂದು ಹೋರಾಡಿದರು. ನ್ಯೂಯಾರ್ಕಿನಲ್ಲಿ ಜೆ. ಜೆ. ಸಿಂಗ್ ಎಂಬ ವರ್ತಕರೂ ಇದೇ ಕಾರ್ಯದಲ್ಲಿ ತೊಡಗಿದ್ದರು. ಹೊಲಗಳಲ್ಲಿ ದುಡಿಯುವವರು ತಮ್ಮ ಕೂಲಿಯಲ್ಲಿ ಉಳಿಸಿ ಈ ಕೆಲಸಕ್ಕೆ ಕಾಣಿಕೆ ಕೊಟ್ಟರು. ಮತವಿಲ್ಲದವನು ಮತವುಳ್ಳವರ ಮನಸ್ಸನ್ನು ತಿರುಗಿಸಿ ಕಾನೂನನ್ನು ಮಾಡಿಸುವುದೆಂದರೆ ಸಾಧಾರಣ ಕೆಲಸವಲ್ಲ. ಆದರೂ ಅದು ಕೈಗೂಡಿತು. ೧೯೪೬ರ ಜುಲೈ ೨ರಂದು ಅಧ್ಯಕ್ಷ ಟ್ರೂಮನ್ ಅವರು ಲೂಸ್-ಸೆಲ್ಲರ್ ಶಾಸನಕ್ಕೆ ಸಹಿ ಹಾಕಿದರು. ಅದರಿಂದ ಭಾರತೀಯರಿಗೆ ಪೌರರಾಗುವ ಹಕ್ಕು ಬಂದಿತು. ವರ್ಷಕ್ಕೆ ೧೦೦ ಮಂದಿ ಭಾರತೀಯರು ಹೊಸದಾಗಿ ಬಂದು ನೆಲೆಸಬಹುದೆಂದೂ ಗೊತ್ತಾಯಿತು. ಅಷ್ಟು ದೊಡ್ಡ ದೇಶಕ್ಕೆ ನೂರು ಮಂದಿಯೆಂದರೆ ಬಾಗಿಲು ಒಂದು ಬೆರಳಿನಷ್ಟು ಮಾತ್ರ ತೆರೆಯಿತೆಂದು ಹೇಳಬೇಕು. ಆದರೆ ಬೆರಳು ತೂರುವಷ್ಟು ತೆರೆದ ಬಾಗಿಲನ್ನು ತಳ್ಳಬಹುದು.

೧೯೪೯ರ ಡಿಸೆಂಬರ್ ೧೬ರಂದು ಸೌಂದ್ ಅವರು ಪೌರರಾದರು. ಅಮೆರಿಕಾದ ನೆಲವನ್ನು ಮೆಟ್ಟಿ ಆಗಲೇ ಇಪ್ಪತ್ತೊಂಬತ್ತು ವರ್ಷಗಳಾಗಿದ್ದವು. ಮರುವರ್ಷವೇ ವೆಸ್ಟ್‌ಮೋರ್ಲೆಂಡ್ ಎಂಬ ಸಣ್ಣ ಊರಿನ ಜನರು ಅವರನ್ನು ನ್ಯಾಯಾಧೀಶರನ್ನಾಗಿ ಆರಿಸಿದರು. ಆದರೆ ಚುನಾವಣೆಯ ದಿನಕ್ಕೆ ಅವರು ಪೌರರಾಗಿ ಒಂದು ವರ್ಷ ತುಂಬಿರಲಿಲ್ಲವೆಂಬ ಕಾರಣದಿಂದ ಆ ಸ್ಥಾನವು ದೊರೆಯಲಿಲ್ಲ. ಅವರು ಕೋಪಿಸಿಕೊಳ್ಳದೆ ೧೯೫೨ರಲ್ಲಿ ಮತ್ತೆ ನಿಂತು ಗೆದ್ದರು. ಆ ಚುನಾವಣೆಯ ಕಾಲದಲ್ಲಿ ಒಬ್ಬನು, ನೀವು ಗೆದ್ದರೆ ನಿಮ್ಮ ನ್ಯಾಯಾಲಯಕ್ಕೆ ಬರುವವರು ಮುಂಡಾಸನ್ನು ತಾವೇ ಕೊಂಡು ತರಬೇಕೋ ನೀವೇ ಒದಗಿಸುವಿರೋ, ಎಂದು ಎಲ್ಲರೆದುರು ಹಾಸ್ಯ ಮಾಡಿದನಂತೆ. ತಲೆಯ ಮೇಲೆ ಏನಿದ್ದರೂ ತಮಗೆ ಚಿಂತೆಯಿಲ್ಲ, ತಲೆಯ ಒಳಗೆ ಏನಿದೆಯೆಂಬುದನ್ನು ಮಾತ್ರ ತಾವು ನೋಡುವುದಾಗಿ ಅವರು ಉತ್ತರ ಕೊಟ್ಟರು.

೧೯೫೬ರಲ್ಲಿ ಅವರು ಅಮೆರಿಕಾದ ಪ್ರಜಾಪ್ರತಿನಿಧಿ ಸಭೆಗೆ ಸ್ಪರ್ಧಿಸಿದರು. ಎದುರಾಳಿಯು ಜಾಕ್ವೆಲಿನ್ ಕಾಕ್ರನ್ ಎಂಬ ಜಗತ್ಪ್ರಸಿದ್ಧ ವಿಮಾನಚಾಲಕಿ, ಶಬ್ದದ ವೇಗವನ್ನು ಮೀರಿ ವಿಮಾನವನ್ನು ನಡೆಯಿಸಿದ ಮೊದಲನೆಯ ಮಹಿಳೆ. ಐಶ್ವರ್ಯವೂ ಕೀರ್ತಿಯೂ ಆಕೆಯ ಪಕ್ಷದಲ್ಲಿದ್ದವು. ಸೌಂದ್ ಅವರೂ ಅವರ ಮನೆಯವರೂ ಬಾಗಿಲಿಂದ ಬಾಗಿಲಿಗೆ ನಡೆದು ಮತ ಕೇಳಿದರು. ಗೆಲುವು ಬೇಸಾಯಗಾರನದಾಯಿತು. ಏಷ್ಯಾ ಮೂಲದವನೊಬ್ಬನು ಮತಾಧಿಕಾರವುಳ್ಳ ಸದಸ್ಯನಾಗಿ ಆ ಸಭೆಯನ್ನು ಪ್ರವೇಶಿಸಿದ್ದು ಅದೇ ಮೊದಲು.

೧೯೫೭ರಲ್ಲಿ ಆ ಸಭೆಯ ಮುಂದೆ ನಾಗರಿಕ ಹಕ್ಕುಗಳ ಮಸೂದೆಯು ಬಂದಿತು. ದಕ್ಷಿಣದ ಸಂಸ್ಥಾನಗಳಲ್ಲಿ ಕರಿಯ ಜನರು ಹುಟ್ಟಿನಿಂದಲೇ ಪೌರರಾಗಿದ್ದರೂ ಅವರನ್ನು ಮತದಾರರ ಪಟ್ಟಿಯಿಂದ ನಾನಾ ಉಪಾಯಗಳಿಂದ ಹೊರಗಿಟ್ಟಿದ್ದರು. ಸೌಂದ್ ಅವರು ಆ ಮಸೂದೆಯ ಪರವಾಗಿ ಎದ್ದು ಮಾತನಾಡಿದರು. ಒಂದೇ ಸಂಸ್ಥಾನದ ಹದಿಮೂರು ಜಿಲ್ಲೆಗಳಲ್ಲಿ ಕರಿಯರ ಪೈಕಿ ಒಬ್ಬನ ಹೆಸರೂ ಪಟ್ಟಿಯಲ್ಲಿಲ್ಲವೆಂಬ ಸತ್ಯವನ್ನು ಯಾವ ವಾದಚಾತುರ್ಯವೂ ಮರೆಮಾಚಲಾರದೆಂದು ಸಭೆಗೆ ನೆನಪು ಮಾಡಿದರು. ಮಹನೀಯರೇ, ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅವರ ಜಾತಿಯವರಿಗೆ, ಅವರ ದೇಶದವರಿಗೆ ಆ ಮಸೂದೆಯಿಂದ ವಿಶೇಷ ಪ್ರಯೋಜನವೇನೂ ಇರಲಿಲ್ಲ. ತಾವು ಬೇಡಿದ ಬಾಗಿಲು ತಮಗೆ ತೆರೆದಿದ್ದಿತು. ಒಳಗೆ ಬಂದವರು ಅದನ್ನು ಹಿಂದಿನಿಂದ ಎಳೆದುಕೊಂಡು ತಮ್ಮ ಕುರ್ಚಿಯಲ್ಲಿ ಕುಳಿತುಕೊಳ್ಳಬಹುದಾಗಿದ್ದಿತು. ಅವರು ಹಾಗೆ ಮಾಡಲಿಲ್ಲ. ಅವರ ಜೀವಿತದಲ್ಲಿ ಗೆಲುವು ಹಲವು ಇದ್ದರೂ ನಾನು ಅತ್ಯಂತ ದೊಡ್ಡದೆಂದು ಎಣಿಸುವುದು ಆ ದಿನದ ಆ ಮಾತನ್ನು.

೧೯೫೮ ಮತ್ತು ೧೯೬೦ರಲ್ಲಿ ಮತ್ತೆ ಗೆದ್ದ ಅವರಿಗೆ ೧೯೬೨ರಲ್ಲಿ ಪಾರ್ಶ್ವವಾಯು ಬಡಿಯಿತು. ಆಸ್ಪತ್ರೆಯ ಹಾಸುಗೆಯಲ್ಲಿದ್ದಾಗಲೇ ಆ ವರ್ಷದ ಚುನಾವಣೆಯಲ್ಲಿ ಸೋತರು. ೧೯೭೩ರ ಏಪ್ರಿಲ್ ೨೨ರಂದು ತೀರಿಕೊಂಡರು. ಅವರು ಸಭೆಯನ್ನು ಬಿಟ್ಟ ಮೇಲೆ ೨೦೦೫ರವರೆಗೆ, ಎಂದರೆ ನಲವತ್ತೆರಡು ವರ್ಷಗಳ ಕಾಲ, ಭಾರತೀಯ ಮೂಲದವರು ಯಾರೂ ಆ ಸಭೆಯಲ್ಲಿ ಕುಳಿತುಕೊಳ್ಳಲಿಲ್ಲ. ಒಬ್ಬನು ತೆರೆದ ಬಾಗಿಲು ತಾನಾಗಿಯೇ ತೆರೆದುಕೊಂಡು ಇರುವುದಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಸೌಂದ್ ಅವರ ಅರವತ್ತು ವರ್ಷಗಳ ತರುವಾಯ, ೨೦೧೭ರ ಜನವರಿಯಲ್ಲಿ, ಪ್ರಮೀಳಾ ಜಯಪಾಲ್ ಎಂಬಾಕೆ ಅದೇ ಸಭೆಯನ್ನು ಪ್ರವೇಶಿಸಿದರು. ಭಾರತೀಯ ಮೂಲದ ಮಹಿಳೆಯರಲ್ಲಿ ಆ ಸಭೆಗೆ ಅವರೇ ಮೊದಲಿಗರು. ೧೯೬೫ರಲ್ಲಿ ಮದರಾಸಿನಲ್ಲಿ ಹುಟ್ಟಿ, ಇಂಡೊನೇಷಿಯಾ, ಸಿಂಗಪುರಗಳಲ್ಲಿ ಬೆಳೆದು, ಹದಿನಾರನೆಯ ವಯಸ್ಸಿನಲ್ಲಿ ಓದಲೆಂದು ಒಬ್ಬರೇ ಅಮೆರಿಕಾಕ್ಕೆ ಹೋದವರು. ಅವರ ತಾಯಿ ಮಾಯಾ ಜಯಪಾಲ್ ಅವರು ನಮ್ಮ ಬೆಂಗಳೂರು ನಗರದ ಚರಿತ್ರೆಯನ್ನು ಬರೆದ ಲೇಖಕಿ. ೨೦೦೧ರ ಸೆಪ್ಟೆಂಬರ್ ೧೧ರ ಘೋರಕೃತ್ಯದ ತರುವಾಯ ಅಮೆರಿಕಾದಲ್ಲಿ ಅರಬರ ಮೇಲೆ, ಮುಸಲ್ಮಾನರ ಮೇಲೆ, ಮುಂಡಾಸು ಸುತ್ತಿದ ಸಿಖ್ಖರ ಮೇಲೆ ಜನರ ಸಿಟ್ಟು ತಿರುಗಿದಾಗ, ಆಕೆ ಸಿಯಾಟಲ್ ನಗರದಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿ ಅವರ ಪರವಾಗಿ ನಿಂತರು. ಸೋಮಾಲಿಯಾದಿಂದ ಬಂದವರನ್ನು ಹೊರಗಟ್ಟದಂತೆ ಆ ಸಂಸ್ಥೆಯು ನ್ಯಾಯಾಲಯದ ಮೊರೆಹೊಕ್ಕಿತು. ಹತ್ತು ವರ್ಷಗಳಿಗೂ ಹೆಚ್ಚು ಕಾಲ ಆ ಕೆಲಸವನ್ನು ಮಾಡಿದ ಮೇಲೆಯೇ ಆಕೆ ೨೦೧೪ರಲ್ಲಿ ವಾಷಿಂಗ್ಟನ್ ಸಂಸ್ಥಾನದ ಮೇಲ್ಮನೆಗೂ ೨೦೧೬ರಲ್ಲಿ ದೇಶದ ಪ್ರಜಾಪ್ರತಿನಿಧಿ ಸಭೆಗೂ ಆರಿಸಿ ಬಂದರು. ೨೦೧೮ರಲ್ಲಿ, ಗಡಿ ದಾಟಿ ಬಂದವರ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸುವುದನ್ನು ವಿರೋಧಿಸಿ ಧರಣಿ ಕುಳಿತು ದಸ್ತಗಿರಿಯಾದರು.

ಇಂಥವರ ಮಾತು ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ಹಿತವಾಗಿರುವುದಿಲ್ಲ. ೨೦೧೯ರಲ್ಲಿ ಆಕೆ ಕಾಶ್ಮೀರದ ನಿರ್ಬಂಧಗಳನ್ನು ಕುರಿತು ತಮ್ಮ ಸಭೆಯಲ್ಲಿ ಒಂದು ನಿರ್ಣಯವನ್ನು ಮಂಡಿಸಿದಾಗ ನಮ್ಮ ದೇಶದಲ್ಲಿ ಅನೇಕರಿಗೆ ಬೇಸರವಾಯಿತು. ಭಾರತ ಸರ್ಕಾರವೂ ಅದನ್ನು ಒಪ್ಪಲಿಲ್ಲ. ಆ ವಿಷಯದಲ್ಲಿ ಆಕೆಯದು ಸರಿಯೋ ತಪ್ಪೋ ಎಂಬುದು ಈ ಸಭೆಯ ವಿಚಾರವಲ್ಲ. ನಾನು ಹೇಳಬಯಸುವುದು ಇಷ್ಟೆ: ಪರದೇಶದಲ್ಲಿ ಗೆದ್ದ ನಮ್ಮವರನ್ನು ನಮ್ಮ ಹೆಮ್ಮೆಯ ಗೊಂಬೆಗಳೆಂದು ಎಣಿಸಬಾರದು. ಅವರು ತಮಗೆ ಮತ ಕೊಟ್ಟ ಜನರಿಗೂ ತಮ್ಮ ಮನಸ್ಸಾಕ್ಷಿಗೂ ಹೊಣೆಗಾರರು.

ಇನ್ನು ನಮ್ಮ ಕಡೆಗೆ ತಿರುಗೋಣ. ಬಂದವರಿಗೆ ಸಭೆಯಲ್ಲಿ ಸ್ಥಾನ ಕೊಡುವುದು ಶರಣಪರಂಪರೆಗೆ ಹೊಸದಲ್ಲ. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದು ಕಲ್ಯಾಣದಲ್ಲಿ ಸೌದೆಯ ಹೊರೆ ಮಾರಿದ ಮೋಳಿಗೆಯ ಮಾರಯ್ಯನವರೂ, ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಬಂದ ಆದಯ್ಯನವರೂ ಶರಣರ ಸಾಲಿನಲ್ಲಿಯೇ ಸೇರಿದರೆಂದು ನಮ್ಮ ಪರಂಪರೆಯು ಹೇಳುತ್ತದೆ. ಅದನ್ನು ನಾವು ಪುರಾಣದಲ್ಲಿ ಕೇಳಿ ತಲೆದೂಗುತ್ತೇವೆ. ಆದರೆ ನಮ್ಮ ತೋಟದ ಬಾಗಿಲಿಗೆ ಬಂದವನನ್ನು ಹೇಗೆ ಕಾಣುತ್ತೇವೆ?

ನನ್ನ ತಪ್ಪನ್ನೇ ಹೇಳಿಕೊಳ್ಳುತ್ತೇನೆ. ನಮ್ಮ ತೋಟದಲ್ಲಿ ಕಾಯಿ ಸುಲಿಯಲು ಬರುವ ಗುಂಪಿನಲ್ಲಿ ಉತ್ತರ ದೇಶದ ಒಬ್ಬ ಯುವಕನಿದ್ದನು. ಮೂರು ವರ್ಷ ಬಂದನು. ಎಲ್ಲರೂ ಅವನನ್ನು ಭಯ್ಯಾ ಎಂದು ಕೂಗುತ್ತಿದ್ದೆವು. ಒಂದು ದಿನ ಅವನ ಕೈಗೆ ಪೆಟ್ಟು ಬಿದ್ದು ರಕ್ತ ಸುರಿಯಿತು. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆನು. ಚೀಟಿ ಬರೆಯುವವರು ಹೆಸರೇನೆಂದು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ಮೂರು ವರ್ಷ ಅವನ ಕೈಯಿಂದ ಬಂದ ಕೊಬ್ಬರಿಯ ಹಣವನ್ನು ಎಣಿಸಿಕೊಂಡವನಿಗೆ ಅವನ ಹೆಸರು ಗೊತ್ತಿರಲಿಲ್ಲ. ಅವನು ನೋವಿನಲ್ಲಿಯೂ ನನ್ನ ಮುಖವನ್ನು ನೋಡಿ ತಾನೇ ಹೆಸರು ಹೇಳಿದನು. ಆ ದಿನ ನಾಚಿದಷ್ಟು ನಾನು ಎಂದೂ ನಾಚಿದವನಲ್ಲ.

ಅವನು ಈ ದೇಶದ ಪೌರನೇ. ಯಾವ ಭಾಗದಲ್ಲಾದರೂ ವಾಸಿಸುವ ಹಕ್ಕನ್ನು ನಮ್ಮ ಸಂವಿಧಾನವೇ ಅವನಿಗೆ ಕೊಟ್ಟಿದೆ. ಹಾಗಿದ್ದರೂ ಅವನ ಮತವು ಅವನ ಊರಿನಲ್ಲಿ ಉಳಿದಿದೆ, ಅವನ ಬೆವರು ನಮ್ಮ ಊರಿನಲ್ಲಿ ಬೀಳುತ್ತಿದೆ. ನಮ್ಮ ಪಂಚಾಯಿತಿಯಲ್ಲಿ ಅವನ ಪರವಾಗಿ ಕೇಳುವವರಿಲ್ಲ. ಅವನ ಮಗುವಿಗೆ ನಮ್ಮ ಶಾಲೆಯ ಭಾಷೆ ಬಾರದು. ಇಂಪೀರಿಯಲ್ ಕಣಿವೆಯ ಹತ್ತಿಯ ಹೊಲದಲ್ಲಿ ನಿಂತಿದ್ದ ಪಂಜಾಬಿನವನನ್ನು ನೋಡಿ ಮರುಗುವ ನಾವು, ನಮ್ಮ ತೆಂಗಿನ ನೆರಳಿನಲ್ಲಿ ನಿಂತಿರುವವನನ್ನು ನೋಡದಿದ್ದರೆ ಆ ಮರುಕವು ಪೊಳ್ಳು.

ಆದುದರಿಂದ ಈ ಮಹೋತ್ಸವದ ಸಂದರ್ಭದಲ್ಲಿ ನನ್ನ ಬಿನ್ನಹ ಒಂದೇ. ಶ್ರೀಮಠದ ದಾಸೋಹದ ಪಂಕ್ತಿಯಲ್ಲಿ ಬಂದವನ ಊರನ್ನು ಯಾರೂ ಕೇಳುವುದಿಲ್ಲ. ಅದೇ ರೀತಿಯಾಗಿ, ಶ್ರೀ ಸನ್ನಿಧಿಯ ಅಪ್ಪಣೆಯಾದರೆ, ಕೂಲಿಗೆ ಬಂದವರ ಮಕ್ಕಳಿಗಾಗಿ ವಿದ್ಯಾರ್ಥಿನಿಲಯದಲ್ಲಿ ಕೆಲವು ಸ್ಥಾನಗಳನ್ನು ಮೀಸಲಿಡಬೇಕು. ಅವರಿಗೆ ಕನ್ನಡವನ್ನು ಪ್ರೀತಿಯಿಂದ ಕಲಿಸಬೇಕು. ಅದಕ್ಕೆ ತಗಲುವ ವೆಚ್ಚದಲ್ಲಿ ತೋಟಗಾರರಾದ ನಾವು ನಮ್ಮ ಕೊಬ್ಬರಿಯ ಒಂದು ಪಾಲನ್ನು ಪ್ರತಿವರ್ಷವೂ ಸಲ್ಲಿಸೋಣ. ಇದು ಉಪಕಾರವಲ್ಲ, ಸಾಲದ ತೀರಿಕೆ. ನಮ್ಮ ಮಕ್ಕಳಿಗೆ ಪರದೇಶದಲ್ಲಿ ಯಾರೋ ಬಾಗಿಲು ತೆರೆದರು. ಅವರಿಗೆ ಆ ಋಣವನ್ನು ಹಿಂದಿರುಗಿಸಲು ನಮಗೆ ಸಾಧ್ಯವಿಲ್ಲ. ನಮ್ಮ ಬಾಗಿಲಲ್ಲಿ ನಿಂತವನಿಗೆ ಸಲ್ಲಿಸಿದರೆ ಅದು ಅವರಿಗೂ ಸಂದಂತೆಯೇ.

ಸ್ಟಾಕ್ಟನ್ನಿನ ಕೂಲಿಕಾರರು ಒಂದು ವಸತಿಗೃಹವನ್ನು ನಡೆಯಿಸಿದಾಗ ಅದರೊಳಗಿನಿಂದ ಒಬ್ಬ ಶಾಸನಕರ್ತನು ಎದ್ದು ಬರುವನೆಂದು ಕನಸು ಕಂಡಿರಲಿಕ್ಕಿಲ್ಲ. ಹಸಿದ ವಿದ್ಯಾರ್ಥಿಗೆ ಒಂದು ಹಾಸುಗೆ, ಒಂದು ತಟ್ಟೆ ಎಂದಷ್ಟೇ ಅವರು ನೆನೆದರು. ಫಲವು ಅಟ್ಟದ ಮೇಲಿನ ಕಾಯಿಯಂತೆ ಕಾಣದೆ ಮಾಗಿತು. ನಾವು ಮಾಡಬೇಕಾದುದೂ ಅಷ್ಟೇ. ಮಾಗಿಸುವ ಕೆಲಸ ಶಿವನದು.